ಏಷ್ಯನ್ ಕಪ್ ಅರ್ಹತಾ ಸುತ್ತು: ನಮ್ಮ ಝೆರಾಕ್ಸ್ ಅಂಗಡಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಮುಂದಿನ ಗಾಜಿಗೆ 2025ರ ಮಾರ್ಚ್‌ನಲ್ಲಿ ಒಂದು ಎ4 ಹಾಳೆ ಅಂಟಿಸಿದೆ. ನಾಲ್ಕು ತಂಡಗಳ ಹೆಸರು, ಅವುಗಳ ಮುಂದೆ ಅಂಕ. ಪಂದ್ಯ ಮುಗಿದಾಗಲೆಲ್ಲ ಹಳೆ ಅಂಕ ಹೊಡೆದು ಬಾಲ್‌ಪೆನ್ನಿನಲ್ಲಿ ಹೊಸದು ಬರೆಯುತ್ತೇನೆ. ಒಂದು ಮೂಲೆಯಲ್ಲಿ ಬೆಣ್ಣೆ ದೋಸೆ ತಿಂದು ಬಂದ ಯಾರದೋ ಹೆಬ್ಬೆಟ್ಟು ಬಿದ್ದಿದೆ. ಅಲ್ಲಿ ಕಾಗದ ಎಣ್ಣೆ ಕುಡಿದು, ಹಿಂದಿನ ರಸ್ತೆಯೇ ಮಸುಕಾಗಿ ಕಾಣುತ್ತದೆ.

ಪಹಣಿ, ಆಧಾರ್, ಮಾರ್ಕ್ಸ್ ಕಾರ್ಡ್ ಪ್ರತಿ ತೆಗೆಸಲು ಬಂದವರು ಮಶಿನ್ ಓಡುವಷ್ಟು ಹೊತ್ತು ಆ ಹಾಳೆ ನೋಡುತ್ತಾರೆ. ನೋಡಿದ ಮೇಲೆ ಕೇಳದೆ ಬಿಡೋದಿಲ್ಲ. ಹೇಳಿ ಹೇಳಿ ಸಾಕಾಗಿ ಇದನ್ನ ಬರೆದೆ. ಇಲ್ಲಿರುವ ಲೆಕ್ಕ ಡಿಸೆಂಬರ್ 2025ರದ್ದು.

ಏನ್ರೀ ಇದು, ಎಲೆಕ್ಷನ್ ರಿಸಲ್ಟಾ?

ಪುರುಷರ ಏಷ್ಯನ್ ಕಪ್ ಫುಟ್‌ಬಾಲ್‌ಗೆ ಅರ್ಹತೆ ಪಡೆಯುವ ಪಂದ್ಯಗಳ ಅಂಕಪಟ್ಟಿ, ಸಿ ಗುಂಪು. ಐದೈದು ಪಂದ್ಯ ಮುಗಿದಿವೆ. ಸಿಂಗಾಪುರ 11, ಹಾಂಗ್‌ಕಾಂಗ್ 8, ಬಾಂಗ್ಲಾದೇಶ 5, ಭಾರತ 2. ಹೌದು, ಕೊನೆಗಿರೋದು ನಾವೇ. ಹಾಳೆ ತಲೆಕೆಳಗಾಗಿ ಅಂಟಿಸಿಲ್ಲ.

ಏಷ್ಯಾ ಕಪ್ ಗೆದ್ವಲ್ಲ, ಪಾಕಿಸ್ತಾನನ ಸೋಲಿಸಿ?

ದಿನಕ್ಕೊಬ್ಬರಾದರೂ ಇದನ್ನ ಕೇಳುತ್ತಾರೆ. ಸೆಪ್ಟೆಂಬರ್ 2025ರಲ್ಲಿ ದುಬೈನಲ್ಲಿ ಗೆದ್ದದ್ದು ಕ್ರಿಕೆಟ್ಟಿನ ಏಷ್ಯಾ ಕಪ್. ಇದು ಫುಟ್‌ಬಾಲಿನ ಏಷ್ಯನ್ ಕಪ್. ಅಲ್ಲಿ ಎಂಟು ತಂಡ ಆಡಿದ್ದವು. ಇಲ್ಲಿ ಏಷ್ಯಾ ಒಕ್ಕೂಟದ ಸದಸ್ಯರೇ 47. ಅಷ್ಟೂ ಜನರನ್ನ ಒಂದೇ ಕಡೆ ಕೂಡಿಸಿ ಆಡಿಸೋಕಾಗೋದಿಲ್ಲ. ಅದಕ್ಕೇ ಮೊದಲು ಜರಡಿ ಹಿಡಿದು 24 ತಂಡ ಆರಿಸುತ್ತಾರೆ. ಆ ಜರಡಿಯೇ ಅರ್ಹತಾ ಸುತ್ತು.

ಟೂರ್ನಿ ನಾಲ್ಕು ವರ್ಷಕ್ಕೊಮ್ಮೆ. ಮುಂದಿನದು ಸೌದಿ ಅರೇಬಿಯಾದಲ್ಲಿ, 2027ರ ಜನವರಿ 7ರಿಂದ ಫೆಬ್ರವರಿ 5ರವರೆಗೆ. ಆಸ್ಟ್ರೇಲಿಯಾ ಇದರಲ್ಲಿ ಹೇಗೆ ಅಂತ ಕೇಳಬೇಡಿ. 2006ರಲ್ಲಿ ಏಷ್ಯಾ ಒಕ್ಕೂಟ ಸೇರಿದರು, 2015ರಲ್ಲಿ ಕಪ್ಪನ್ನೂ ಗೆದ್ದರು.

ಒಂದು ತಂಡಕ್ಕೆ ಎಷ್ಟು ಅವಕಾಶ ಸಿಗುತ್ತೆ?

ಈ ಸಲ ನಮಗೆ ಎರಡು ಸಿಕ್ಕಿದ್ದವು. ಇದನ್ನ ತಿಳಿದರೆ ಉಳಿದದ್ದೆಲ್ಲ ಸಲೀಸು.

2026ರ ವಿಶ್ವಕಪ್‌ನ ಅರ್ಹತಾ ಪಂದ್ಯಗಳನ್ನೂ ಏಷ್ಯನ್ ಕಪ್‌ನ ಅರ್ಹತಾ ಪಂದ್ಯಗಳನ್ನೂ ಶುರುವಿನಲ್ಲಿ ಒಟ್ಟಿಗೇ ಆಡಿಸುತ್ತಾರೆ. ಎರಡನೇ ಸುತ್ತಿನಲ್ಲಿ 36 ತಂಡ, ನಾಲ್ಕು ನಾಲ್ಕರ ಒಂಬತ್ತು ಗುಂಪು. ಪ್ರತಿ ಗುಂಪಿನ ಮೊದಲ ಇಬ್ಬರು ವಿಶ್ವಕಪ್ ದಾರಿಯಲ್ಲಿ ಮುಂದೆ ಹೋಗುತ್ತಾರೆ. ಜೊತೆಗೆ ಏಷ್ಯನ್ ಕಪ್ ಟಿಕೆಟ್ಟೂ ಕೈಗೆ ಬರುತ್ತೆ. ಅಲ್ಲಿಗೆ 18 ಸೀಟು ಭರ್ತಿ.

ಉಳಿದ ಸೀಟು ಆರು. ಅದಕ್ಕೆ ಆ ಗುಂಪುಗಳಲ್ಲಿ ಮೂರನೇ, ನಾಲ್ಕನೇ ಸ್ಥಾನದಲ್ಲಿದ್ದ 18 ತಂಡ, ಕೆಳಗಿನ ಸುತ್ತುಗಳಿಂದ ಬಂದ 6 ತಂಡ, ಒಟ್ಟು 24 ಸೇರಿ ಮತ್ತೆ ಆರು ಗುಂಪು ಮಾಡುತ್ತಾರೆ. ಪ್ರತಿ ತಂಡಕ್ಕೂ ಆರು ಪಂದ್ಯ. ಎದುರಾಳಿಯ ಜೊತೆ ನಮ್ಮ ಊರಲ್ಲೊಂದು, ಅವರ ಊರಲ್ಲೊಂದು. ಆದರೆ ಇಲ್ಲಿ ಗುಂಪಿಗೆ ಒಬ್ಬರಿಗೇ ಜಾಗ. ಎರಡನೇ ಸ್ಥಾನಕ್ಕೆ ಮೂರು ಕಾಸಿನ ಬೆಲೆಯೂ ಇಲ್ಲ.

ಕೇಳೋಕೆ ಸುಲಭ ಅನಿಸುತ್ತೆ, ಯಾಕಂದ್ರೆ ಜಪಾನ್, ಇರಾನ್, ಕೊರಿಯಾ ಯಾರೂ ಇಲ್ಲಿರೋದಿಲ್ಲ. ಅಲ್ಲೇ ಮೋಸ ಹೋಗೋದು.

ಮೊದಲನೇ ಅವಕಾಶ ಹೇಗೆ ಕಳಕೊಂಡ್ವಿ?

ಎರಡನೇ ಸುತ್ತಿನಲ್ಲಿ ಕತಾರ್, ಕುವೈತ್, ಅಫ್ಘಾನಿಸ್ತಾನ ನಮ್ಮ ಜೊತೆ ಇದ್ದವು. 2023ರ ನವೆಂಬರ್‌ನಲ್ಲಿ ಕುವೈತ್‌ಗೆ ಹೋಗಿ 1-0ಯಿಂದ ಗೆದ್ದು ಬಂದಾಗ ನಾನು ಅಂಗಡಿಯಲ್ಲಿ ಮೈಸೂರು ಪಾಕ್ ಹಂಚಿದ್ದೆ. ಅವಸರ ಮಾಡಿದೆ. ಅಫ್ಘಾನಿಸ್ತಾನದ ಜೊತೆ ಸೌದಿಯ ಅಭಾದಲ್ಲಿ 0-0. ಅದಾಗಿ ಐದು ದಿನಕ್ಕೆ ಗುವಾಹಟಿಯಲ್ಲಿ, ನಮ್ಮದೇ ನೆಲದಲ್ಲಿ, ಒಂದು ಗೋಲು ಮುಂದಿದ್ದು 1-2ರಿಂದ ಸೋತರು. ಕೋಲ್ಕತ್ತದಲ್ಲಿ ಕುವೈತ್ ಜೊತೆ 0-0. ಅದು ಸುನಿಲ್ ಛೆಟ್ರಿಯ ವಿದಾಯದ ಪಂದ್ಯ, 2024ರ ಜೂನ್ 6.

ಇಷ್ಟಾದರೂ ಕೊನೆ ಪಂದ್ಯದಲ್ಲಿ ದೋಹಾದಲ್ಲಿ ಕತಾರ್‌ನ ಸೋಲಿಸಿದ್ದರೆ ಎರಡನೇ ಸ್ಥಾನ ನಮ್ಮದೇ. ನಮ್ಮ ಛಾಂಗ್ಟೆ ಗೋಲು ಹೊಡೆದು 1-0 ಮಾಡಿದ್ದ. 73ನೇ ನಿಮಿಷದಲ್ಲಿ ಚೆಂಡು ಗೋಲು ಕಂಬದ ಪಕ್ಕ ಗೆರೆ ದಾಟಿ ಆಚೆ ಹೋಯಿತು. ನಮ್ಮ ಹುಡುಗರು ಆಟ ನಿಂತಿತು ಅಂತ ನಿಂತೇಬಿಟ್ಟರು. ಕತಾರಿನ ಆಟಗಾರ ಅದನ್ನ ಕಾಲಲ್ಲಿ ಒಳಕ್ಕೆ ಎಳೆದ, ಇನ್ನೊಬ್ಬ ಗೋಲಿಗೆ ನೂಕಿದ. ರೆಫರಿ ಗೋಲು ಅಂದರು. ಆ ಸುತ್ತಿನಲ್ಲಿ ವಿಎಆರ್ ಇರಲಿಲ್ಲ, ಟಿವಿ ನೋಡಿ ತಿದ್ದೋಕೆ ದಾರಿಯೇ ಇಲ್ಲ. ಆಮೇಲೆ 85ನೇ ನಿಮಿಷಕ್ಕೆ ಇನ್ನೊಂದು ಗೋಲು ಬಿತ್ತು. 1-2. ಕುವೈತ್ 7 ಅಂಕ ಮಾಡಿ ಮುಂದೆ ಹೋಯಿತು, ನಾವು 5ಕ್ಕೆ ನಿಂತೆವು.

ಅನ್ಯಾಯ ಆಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬರೀ ರೆಫರಿಯನ್ನ ಬೈಯೋರಿಗೆ ನಾನು ಗುವಾಹಟಿಯ ಮಾತು ತೆಗೆಯುತ್ತೇನೆ. ಅಲ್ಲಿ ಗೆದ್ದಿದ್ದರೆ ನಮ್ಮದು 8 ಆಗುತ್ತಿತ್ತು. ದೋಹಾದ ಗೋಲು ಯಾರಿಗೆ ಬೇಕಿತ್ತು?

ಎರಡನೇ ಅವಕಾಶದಲ್ಲಿ ಏನಾಯ್ತು? ಸಿಂಗಾಪುರ ನಮಗಿಂತ ದೊಡ್ಡ ತಂಡನಾ?

ಗುಂಪು ಆರಿಸೋಕೆ ಚೀಟಿ ಎತ್ತುವಾಗ, ಮೇಲಿನ ರ‍್ಯಾಂಕಿನ ತಂಡಗಳ ಚೀಟಿ ಹಾಕುವ ಮೊದಲ ಮಡಕೆಯಲ್ಲಿ ಭಾರತದ ಹೆಸರಿತ್ತು. ಅಂದರೆ ಸಿ ಗುಂಪಿನಲ್ಲಿ ಕಾಗದದ ಮೇಲೆ ದೊಡ್ಡವರು ನಾವೇ. ಸಿಂಗಾಪುರದ ಜನಸಂಖ್ಯೆ ಬೆಂಗಳೂರಿನ ಅರ್ಧದಷ್ಟು.

ಒಂದೊಂದೇ ಪಂದ್ಯ ಹೇಳುತ್ತೇನೆ. 2025ರ ಮಾರ್ಚ್ 25, ಶಿಲ್ಲಾಂಗ್, ಬಾಂಗ್ಲಾದೇಶದ ಎದುರು 0-0. ವಿದಾಯ ಹೇಳಿದ್ದ ಛೆಟ್ರಿಯನ್ನ ಮತ್ತೆ ಕರೆಸಿಕೊಂಡು ಆಡಿಸಿದ್ದರು. ಅವರಿಗಾಗಲೇ ನಲವತ್ತು. ಜೂನ್ 10, ಹಾಂಗ್‌ಕಾಂಗ್, ಇಂಜುರಿ ಟೈಮ್‌ನಲ್ಲಿ ಪೆನಾಲ್ಟಿ ಕೊಟ್ಟು 0-1. ಅಕ್ಟೋಬರ್ 9, ಸಿಂಗಾಪುರ, ನಮ್ಮ ಸಂದೇಶ್ ಝಿಂಗನ್‌ಗೆ ಕೆಂಪು ಕಾರ್ಡ್. ಹತ್ತೇ ಜನ ಉಳಿದರೂ 90ನೇ ನಿಮಿಷದಲ್ಲಿ ರಹೀಂ ಅಲಿ ಗೋಲು ಹೊಡೆದು 1-1. ಅವತ್ತು ಸಂಜೆ ಅಂಗಡಿಯಲ್ಲಿ ಮೊಬೈಲ್ ಮಶಿನ್ ಮೇಲಿಟ್ಟು ನೋಡುತ್ತಿದ್ದೆವು. ಗೋಲು ಬಿದ್ದಾಗ ಪಕ್ಕದ ಟೈಲರ್ ಕೈ ತಗುಲಿ ಪೂರ್ತಿ ಒಂದು ರೀಮು ಹಾಳೆ ನೆಲಕ್ಕೆ. ಯಾರೂ ಎತ್ತೋಕೆ ಹೋಗಲಿಲ್ಲ.

ಐದು ದಿನ ಆದ ಮೇಲೆ ಅದೇ ಸಿಂಗಾಪುರ ಗೋವಾದ ಮಡಗಾಂವ್‌ಗೆ ಬಂತು. 14ನೇ ನಿಮಿಷದಲ್ಲಿ ಛಾಂಗ್ಟೆ ದೂರದಿಂದ ಬಾರಿಸಿ 1-0. ವಿರಾಮಕ್ಕೆ ಸ್ವಲ್ಪ ಮುಂಚೆ ಸಾಂಗ್ ಉಯಿ-ಯಂಗ್ ಸಮ ಮಾಡಿದ, ಆಮೇಲೆ ಅವನೇ ಎರಡನೆಯದನ್ನೂ ಹೊಡೆದ. 1-2. ಗುವಾಹಟಿಯ ಕಥೆಯೇ ಮತ್ತೆ: ಮನೆಯಲ್ಲಿ ಮುಂದಿದ್ದು ಸೋಲು.

ನೋಡಿ, ನಾನು ಎರಡು ರೂಪಾಯಿಯ ವ್ಯಾಪಾರ ಮಾಡೋನು. ನನಗೆ ಚಿಲ್ಲರೆಯ ಬೆಲೆ ಗೊತ್ತು. ಗೆದ್ದರೆ 3, ಡ್ರಾ ಆದರೆ 1. ಡ್ರಾ ಅಂದರೆ ಸೋಲಲಿಲ್ಲವಲ್ಲ ಅಂತ ಜನ ಸಮಾಧಾನ ಮಾಡಿಕೊಳ್ಳುತ್ತಾರೆ. ತವರಿನಲ್ಲಿ ಡ್ರಾ ಮಾಡಿಕೊಂಡರೆ ಎರಡು ಅಂಕ ಜೇಬಿನ ತೂತಿನಿಂದ ಬಿದ್ದ ಹಾಗೆ. ಆರೇ ಪಂದ್ಯದ ಲೆಕ್ಕದಲ್ಲಿ ಆ ಎರಡನ್ನ ಮತ್ತೆ ಹುಡುಕೋಕೆ ಟೈಮೇ ಇರೋದಿಲ್ಲ. ಎಲ್ಲರೂ ಮಡಗಾಂವ್‌ನಲ್ಲಿ ಹೋಯ್ತು ಅಂತಾರೆ. ನನ್ನ ಪ್ರಕಾರ ಹೋಗಿದ್ದು ಶಿಲ್ಲಾಂಗ್‌ನಲ್ಲಿ. ಹಾಳೆ ಅಂಟಿಸಿದ ವಾರವೇ.

ಮಡಗಾಂವ್ ಆದ್ಮೇಲೂ ಎರಡು ಮ್ಯಾಚ್ ಇದ್ವಲ್ಲ. ಅಷ್ಟು ಬೇಗ ಹೊರಗೆ ಅಂತ ಹೇಗೆ ಹೇಳಿದ್ರು?

ಇದನ್ನ ಕೇಳಿದ್ದು ಡಿಪ್ಲೊಮಾ ಓದುವ ಹುಡುಗ. ಹಾಳಾದ ಪ್ರತಿಯ ಹಿಂಬದಿಯಲ್ಲಿ ಲೆಕ್ಕ ಹಾಕಿ ತೋರಿಸಿದೆ.

ಆ ರಾತ್ರಿ ಸಿಂಗಾಪುರ 8, ಹಾಂಗ್‌ಕಾಂಗ್ 8, ನಾವು 2, ಬಾಂಗ್ಲಾ 2. ನಾವು ಉಳಿದೆರಡೂ ಗೆದ್ದರೆ 2 ಕೂಡಿಸು 6, ಒಟ್ಟು 8. ಸಮ ಆಗಬಹುದಲ್ಲ ಅಂದ. ಆದರೆ ಸಿಂಗಾಪುರಕ್ಕೂ ಹಾಂಗ್‌ಕಾಂಗ್‌ಗೂ ಒಂದು ಪಂದ್ಯ ಬಾಕಿ ಇತ್ತು, ಅವರವರ ನಡುವೆಯೇ. ಯಾರು ಗೆದ್ದರೂ 11. ಡ್ರಾ ಆದರೆ ಇಬ್ಬರಿಗೂ 9. ಯಾವ ದಾರಿಯಲ್ಲಿ ಹೋದರೂ 8ಕ್ಕಿಂತ ಮೇಲೆ ಒಬ್ಬರು ಇದ್ದೇ ಇರುತ್ತಾರೆ. ಕಥೆ ಮುಗೀತು. ಹುಡುಗ ಆ ಕಾಗದ ಮಡಚಿ ಜೇಬಿಗೆ ಹಾಕಿಕೊಂಡು ಹೋದ.

ನವೆಂಬರ್ 18ಕ್ಕೆ ಸಿಂಗಾಪುರ 2-1ರಿಂದ ಗೆದ್ದು ಸೌದಿ ಟಿಕೆಟ್ ತಗೊಂಡಿತು. 1984ರಲ್ಲಿ ಅವರು ಆತಿಥೇಯರಾಗಿ ಆಡಿದ್ದರು. ಅರ್ಹತಾ ಪಂದ್ಯ ಆಡಿ ಗೆದ್ದು ಹೋಗುತ್ತಿರೋದು ಇದೇ ಮೊದಲು.

ಎರಡು ತಂಡದ ಅಂಕ ಸಮ ಆದ್ರೆ?

ಈ ಸುತ್ತಿನಲ್ಲಿ ಮೊದಲು ಅವರಿಬ್ಬರೇ ಮುಖಾಮುಖಿ ಆಡಿದ ಪಂದ್ಯ ನೋಡುತ್ತಾರೆ. ಅಲ್ಲೂ ಸಮ ಆದರೆ ಗುಂಪಿನ ಒಟ್ಟು ಗೋಲು ವ್ಯತ್ಯಾಸ. ಕೊನೆಕೊನೆಗೆ ಹಳದಿ, ಕೆಂಪು ಕಾರ್ಡ್ ಎಣಿಸುತ್ತಾರೆ. ಏನೂ ಬಗೆಹರಿಯದಿದ್ದರೆ ಚೀಟಿ ಎತ್ತೋದು, ನಮ್ಮ ಚೀಟಿ ವ್ಯವಹಾರದ ಥರ.

ಹೊರಗೆ ಬಿದ್ದ ಮೇಲೆ ಉಳಿದ ಮ್ಯಾಚ್ ಯಾಕೆ ಆಡ್ಬೇಕು? ಖರ್ಚು ದಂಡ ಅಲ್ವಾ?

ಬಿಟ್ಟರೆ ದಂಡ, ಅಮಾನತು ಎಲ್ಲ ಇದೆ. ಫಿಫಾ ರ‍್ಯಾಂಕಿಂಗ್ ಕೂಡ ಪ್ರತಿ ಪಂದ್ಯಕ್ಕೂ ಏರಿಳಿಯುತ್ತೆ. 2023ರಲ್ಲಿ ನಾವು ನೂರರ ಒಳಗೆ ಬಂದಿದ್ದೆವು, ಅಲ್ಲಿಂದ ಜಾರುತ್ತಲೇ ಇದ್ದೇವೆ. ಮುಂದಿನ ಸಲ ಯಾವ ಮಡಕೆಯಲ್ಲಿ ನಮ್ಮ ಹೆಸರು ಹಾಕುತ್ತಾರೆ ಅನ್ನೋದು ಇದರ ಮೇಲೆಯೇ ನಿಂತಿರುತ್ತೆ.

ಇನ್ನು ಮರ್ಯಾದೆಯ ಪ್ರಶ್ನೆ. ನವೆಂಬರ್ 18ರಂದೇ ಢಾಕಾದಲ್ಲಿ ಬಾಂಗ್ಲಾದೇಶ ನಮ್ಮನ್ನ 1-0ಯಿಂದ ಸೋಲಿಸಿತು. ಅವರೂ ಹೊರಬಿದ್ದವರೇ, ನಾವೂ ಹೊರಬಿದ್ದವರೇ. ಆದರೂ ಭಾರತದ ಮೇಲೆ 22 ವರ್ಷದ ಮೇಲೆ ಸಿಕ್ಕ ಗೆಲುವು. ಅಲ್ಲಿಯ ಜನ ಕುಣಿದಿದ್ದನ್ನ ನೋಡಿದರೆ ಆ ಪಂದ್ಯ ದಂಡ ಅಂತ ಅವರಿಗೆ ಹೇಳೋ ಧೈರ್ಯ ನನಗಿಲ್ಲ.

ಕೋಚ್ ಸರಿ ಇರ್ಲಿಲ್ವಾ?

ಎರಡು ವರ್ಷದೊಳಗೆ ಮೂವರು. ಇಗೋರ್ ಸ್ಟಿಮಾಚ್‌ರನ್ನ 2024ರ ಜೂನ್‌ನಲ್ಲಿ ತೆಗೆದರು. ಆಮೇಲೆ ಮನೋಲೊ ಮಾರ್ಕೆಸ್. ಅವರು ಸ್ವಲ್ಪ ಕಾಲ ಎಫ್‌ಸಿ ಗೋವಾಗೂ ಕೋಚ್, ದೇಶಕ್ಕೂ ಕೋಚ್. 2025ರ ಆಗಸ್ಟ್‌ನಿಂದ ಖಾಲಿದ್ ಜಮೀಲ್. ಜಮೀಲ್ ಬಂದ ಹೊಸತರಲ್ಲೇ ತಜಿಕಿಸ್ತಾನದಲ್ಲಿ ನಡೆದ ಒಂದು ಟೂರ್ನಿಯಲ್ಲಿ ಒಮಾನ್‌ನ ಪೆನಾಲ್ಟಿಯಲ್ಲಿ ಸೋಲಿಸಿ ಮೂರನೇ ಸ್ಥಾನ ತಂದರು. ಇದೇ ಸಮಯಕ್ಕೆ ನಮ್ಮ ದೇಶದ ದೊಡ್ಡ ಫುಟ್‌ಬಾಲ್ ಲೀಗ್ ಐಎಸ್‌ಎಲ್‌ನ ಒಪ್ಪಂದದ ಜಗಳ ಬೇರೆ. ಸೆಪ್ಟೆಂಬರ್‌ಗೆ ಶುರುವಾಗಬೇಕಿದ್ದ ಲೀಗ್ ಆ ವರ್ಷ ಶುರುವೇ ಆಗಲಿಲ್ಲ. ಗದ್ದೆ ಉಳದೆ ಬೆಳೆ ಎಲ್ಲಿ ಅಂದರೆ ಕೋಚ್ ಏನು ಹೇಳಬೇಕು?

ಫಾರಿನ್‌ನಲ್ಲಿರೋ ನಮ್ಮವರನ್ನ ಕರೆಸಿ ಆಡಿಸಬಾರದಾ?

ಬಾಂಗ್ಲಾದೇಶ ಅದನ್ನೇ ಮಾಡಿತು. ಇಂಗ್ಲೆಂಡಿನಲ್ಲಿ ಹುಟ್ಟಿ ಬೆಳೆದು ಲೆಸ್ಟರ್ ಸಿಟಿಗೆ ಆಡಿದ ಹಮ್ಜಾ ಚೌಧುರಿ ಅವರ ಪರ ಮೊದಲು ಇಳಿದಿದ್ದು ಶಿಲ್ಲಾಂಗ್‌ನಲ್ಲಿ, ನಮ್ಮ ಎದುರೇ. ನಮಗೆ ತೊಡಕು ಅಂದರೆ ಎರಡು ದೇಶದ ಪೌರತ್ವ ಇಟ್ಟುಕೊಳ್ಳೋಕೆ ಭಾರತ ಬಿಡೋದಿಲ್ಲ. ಬೇರೆ ದೇಶದ ಪ್ರಜೆಗಳಾದ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೆ ಸಾಲದು, ಭಾರತದ ಪಾಸ್‌ಪೋರ್ಟೇ ಬೇಕು. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ ಹಾಗೇ ಮಾಡಿದರು. ಅವರ ತಾಯಿ ಮುಂಬೈಯವರು. ಆಸ್ಟ್ರೇಲಿಯಾದ ಪೌರತ್ವ ಬಿಟ್ಟು 2025ರ ನವೆಂಬರ್ ಹೊತ್ತಿಗೆ ಭಾರತದ ಪಾಸ್‌ಪೋರ್ಟ್ ಪಡೆದರು. ಎಲ್ಲರೂ ಅಷ್ಟು ದೊಡ್ಡ ಮನಸ್ಸು ಮಾಡುತ್ತಾರಾ?

ಅವಸರ ಮಾಡಿದರೆ ಮಲೇಷ್ಯಾ ಥರ ಆಗುತ್ತೆ. ಏಳು ಆಟಗಾರರ ಅಜ್ಜ ಅಜ್ಜಿ ಮಲೇಷ್ಯಾದಲ್ಲಿ ಹುಟ್ಟಿದವರು ಅಂತ ದಾಖಲೆ ತೋರಿಸಿದರು. ಅವು ಖೋಟಾ ಅಂತ ಫಿಫಾ 2025ರ ಸೆಪ್ಟೆಂಬರ್‌ನಲ್ಲಿ ಹೇಳಿ, ಏಳೂ ಜನರನ್ನ ಒಂದೊಂದು ವರ್ಷ ಹೊರಗಿಟ್ಟಿತು, ಸಂಸ್ಥೆಗೂ ದಂಡ ಹಾಕಿತು. ಝೆರಾಕ್ಸ್ ಅಂಗಡಿಯವನಾಗಿ ಹೇಳುತ್ತೇನೆ: ಜನನ ಪತ್ರದಲ್ಲಿ ಒಂದಕ್ಷರ ತಿದ್ದಿ ಕೊಡಿ ಅಂತ ನನ್ನ ಹತ್ತಿರವೂ ಬರುತ್ತಾರೆ. ಬಾಗಿಲು ತೋರಿಸುತ್ತೇನೆ.

ಬೇರೆ ಖಂಡದಲ್ಲೂ ಇಷ್ಟು ಗೋಳು ಇದೆಯಾ?

ದಕ್ಷಿಣ ಅಮೆರಿಕದಲ್ಲಿ ಇಲ್ಲ. ಅಲ್ಲಿರೋದೇ ಹತ್ತು ದೇಶ, ಕೋಪಾ ಅಮೆರಿಕಕ್ಕೆ ಹತ್ತೂ ನೇರ ಒಳಗೆ. ಯುರೋಪಿನಲ್ಲಿ ಏಷ್ಯಾಗಿಂತ ಜಾಸ್ತಿ ದೇಶಗಳಿವೆ. 2024ರ ಯುರೋಗೆ ಹತ್ತು ಗುಂಪು ಮಾಡಿ ಮೊದಲಿಬ್ಬರನ್ನ ತಗೊಂಡರು, ಉಳಿದ ಮೂರು ಸೀಟಿಗೆ ಪ್ಲೇ-ಆಫ್.

ಇನ್ನೊಂದು ದಾರಿಯೂ ಇದೆ. ಟೂರ್ನಿ ನಾವೇ ನಡೆಸೋದು. ಆತಿಥೇಯರಿಗೆ ಸೀಟು ಖಾತ್ರಿ. 2027ರ ಏಷ್ಯನ್ ಕಪ್ ನಡೆಸುತ್ತೇವೆ ಅಂತ ಭಾರತವೂ ಅರ್ಜಿ ಹಾಕಿತ್ತು. 2022ರ ಡಿಸೆಂಬರ್‌ನಲ್ಲಿ ವಾಪಸ್ ತಗೊಂಡರು. ಈಗ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತೆ.

ಭಾರತ ಯಾವತ್ತಾದ್ರೂ ಏಷ್ಯನ್ ಕಪ್ ಆಡಿದೆಯಾ?

ಐದು ಸಲ. 1964, 1984, 2011, 2019, ಮತ್ತೆ 2023ರದ್ದು. ಕೊನೆಯದು ನಡೆದದ್ದು 2024ರ ಜನವರಿಯಲ್ಲಿ, ಕತಾರ್‌ನಲ್ಲಿ.

1964ರಲ್ಲಿ ಎರಡನೇ ಸ್ಥಾನ ಬಂತು. ಅದನ್ನ ಹೇಳುವಾಗ ನಮ್ಮ ಜನ ಎದೆ ಉಬ್ಬಿಸುತ್ತಾರೆ. ಪೂರ್ತಿ ಹೇಳಬೇಕಲ್ಲ: ಅವತ್ತು ಅರ್ಹತಾ ಸುತ್ತಿನಲ್ಲಿ ನಮ್ಮ ವಲಯದ ಉಳಿದ ತಂಡಗಳೆಲ್ಲ ಹಿಂದೆ ಸರಿದವು, ನಾವು ಆಡದೆ ಒಳಗೆ ಹೋದೆವು. ಟೂರ್ನಿಯಲ್ಲಿ ಇದ್ದದ್ದು ನಾಲ್ಕೇ ತಂಡ. ಹಾಗಂತ ನಮ್ಮ ಅಂದಿನ ಆಟಗಾರರು ಸಾಮಾನ್ಯರಲ್ಲ. ಎರಡು ವರ್ಷ ಮುಂಚೆ ಏಷ್ಯನ್ ಗೇಮ್ಸ್ ಚಿನ್ನ ಗೆದ್ದಿದ್ದ ಕಾಲ ಅದು, ದಕ್ಷಿಣ ಕೊರಿಯಾವನ್ನ ಇಲ್ಲೂ 2-0ಯಿಂದ ಸೋಲಿಸಿದರು. 2011ರ ಸೀಟು ಬಂದದ್ದು 2008ರಲ್ಲಿ ದೆಹಲಿಯಲ್ಲಿ ತಜಿಕಿಸ್ತಾನವನ್ನ 4-1ರಿಂದ ಸೋಲಿಸಿ ಚಾಲೆಂಜ್ ಕಪ್ ಅನ್ನೋ ಇನ್ನೊಂದು ಏಷ್ಯಾ ಟೂರ್ನಿ ಗೆದ್ದದ್ದಕ್ಕೆ. ಛೆಟ್ರಿ ಹ್ಯಾಟ್ರಿಕ್.

2019ರ ಟಿಕೆಟ್ ಮಾತ್ರ ನಾನು ಕಣ್ಣಾರೆ ನೋಡಿದ್ದು. 2017ರ ಅಕ್ಟೋಬರ್ 11, ಬುಧವಾರ, ಬೆಂಗಳೂರಿನ ಕಂಠೀರವ ಕ್ರೀಡಾಂಗಣ, ಮಕಾವ್ ಎದುರು. ಅಂಗಡಿ ಅರ್ಧ ದಿನಕ್ಕೇ ಮುಚ್ಚಿ, ಕೆಂಪು ಬಸ್ಸು ಹತ್ತಿ ಹೋದೆ. ಜೊತೆಗೆ ಚಿತ್ರದುರ್ಗದಲ್ಲಿ ಹತ್ತಿದ ಷಡ್ಡಕ, ಅವನ ಕೈಯಲ್ಲೊಂದು ಕವರ್ ಖಾರ ಮಂಡಕ್ಕಿ. ವಿರಾಮದಲ್ಲಿ 1-1. ಮಕಾವ್ ಎದುರು 1-1! ಪಕ್ಕದ ಸಾಲಿನ ಮುದುಕರೊಬ್ಬರು ಟೋಪಿ ತೆಗೆದು ತೊಡೆ ಮೇಲಿಟ್ಟುಕೊಂಡು ಸುಮ್ನೆ ಹುಲ್ಲು ನೋಡುತ್ತಿದ್ದರು. ಆಮೇಲೆ ಛೆಟ್ರಿ ಹೊಡೆದ, ಅವರದ್ದೇ ಒಂದು ಸ್ವಂತ ಗೋಲು ಬಿತ್ತು, ಕೊನೆಗೆ ಜೆಜೆ. 4-1. ಮುದುಕರು ಟೋಪಿಯನ್ನ ಮೇಲಕ್ಕೆ ಎಸೆದರು, ಅದು ವಾಪಸ್ ಬರಲೇ ಇಲ್ಲ. ಬೆಳಗಿನ ಜಾವ ದಾವಣಗೆರೆಗೆ ಇಳಿದಾಗ ನನಗೆ ಗಂಟಲೇ ಇರಲಿಲ್ಲ. ಗಿರಾಕಿಗಳ ಹತ್ತಿರ ಎರಡು ದಿನ ಕೈ ಸನ್ನೆಯಲ್ಲೇ ವ್ಯಾಪಾರ.

ಅಣ್ಣಾ, ಹುಡುಗೀರ ಟೀಮ್ ಬಗ್ಗೆ ಯಾಕೆ ಅಂಟಿಸಿಲ್ಲ?

ಕೇಳಿದ್ದು ಪಿಯುಸಿ ಓದುವ ಹುಡುಗಿ, ಹಾಲ್ ಟಿಕೆಟ್ ಪ್ರತಿಗೆ ಬಂದಿದ್ದಳು. ನಾಚಿಕೆ ಆಯಿತು. ಯಾಕಂದ್ರೆ ಅವರು ಗೆದ್ದಿದ್ದಾರೆ.

2025ರ ಜೂನ್, ಜುಲೈನಲ್ಲಿ ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ಅವರ ಅರ್ಹತಾ ಪಂದ್ಯ ನಡೆದವು. ಮಂಗೋಲಿಯಾ ಮೇಲೆ 13-0, ಟಿಮೋರ್ ಮೇಲೆ 4-0, ಇರಾಕ್ ಮೇಲೆ 5-0. ಕೊನೆಗೆ ಜುಲೈ 5ರಂದು ಥಾಯ್ಲೆಂಡನ್ನೇ ಅವರ ನೆಲದಲ್ಲಿ 2-1ರಿಂದ ಸೋಲಿಸಿದರು, ಎರಡೂ ಗೋಲು ಸಂಗೀತಾ ಬಾಸ್ಫೋರ್‌ದು. 2026ರ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾದಲ್ಲಿ ನಡೆಯುವ ಮಹಿಳೆಯರ ಏಷ್ಯನ್ ಕಪ್‌ಗೆ ಹೋಗುತ್ತಾರೆ. ಅರ್ಹತಾ ಪಂದ್ಯ ಗೆದ್ದು ಹೋಗುತ್ತಿರೋದು ಇದೇ ಮೊದಲು. ಗಂಡಸರ ಹಾಳೆಯ ಪಕ್ಕ ಅವರದ್ದೂ ಅಂಟಿಸಿದ್ದೇನೆ, ಕಲರ್ ಪ್ರಿಂಟ್.

ನಮ್ಮ ಕಡೆ ಹುಡುಗರಿಗೆ ಇದೆಲ್ಲ ಆಗೋ ಮಾತಾ?

ಹೈಸ್ಕೂಲ್ ಮೈದಾನದಲ್ಲಿ ಹತ್ತು ಕಡೆ ಕ್ರಿಕೆಟ್ ನಡೆಯುವಾಗ ಮೂಲೆಯಲ್ಲಿ ಚಪ್ಪಲಿ ಇಟ್ಟು ಗೋಲು ಕಂಬ ಮಾಡಿಕೊಂಡ ಏಳೆಂಟು ಹುಡುಗರು ಇದ್ದೇ ಇರುತ್ತಾರೆ. ನಮ್ಮ ಜಿಲ್ಲೆಗಳಲ್ಲಿ ಈ ಆಟಕ್ಕೆ ಬೆಂಗಳೂರಿನ ಗೌತಮಪುರದಂಥ ಬೇರು ಇಲ್ಲ, ಸುಳ್ಳು ಹೇಳಿ ಏನು ಪ್ರಯೋಜನ. ದಾರಿ ಇರೋದು ಕ್ರೀಡಾ ಹಾಸ್ಟೆಲ್, ಆಮೇಲೆ ಬೆಂಗಳೂರಿನ ಲೀಗ್, ಅಲ್ಲಿಂದ ರಾಜ್ಯ ತಂಡ.

ರಾಜ್ಯ ತಂಡ ಅಂದಾಗ ಒಂದು ವಿಷಯ. 2023ರ ಮಾರ್ಚ್ 4ರಂದು ಕರ್ನಾಟಕ ಮೇಘಾಲಯವನ್ನ 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು, 54 ವರ್ಷದ ಮೇಲೆ. ಫೈನಲ್ ಎಲ್ಲಿ ನಡೆಯಿತು ಗೊತ್ತಾ? ಸೌದಿಯ ರಿಯಾದ್‌ನಲ್ಲಿ. 2027ರ ಏಷ್ಯನ್ ಕಪ್ ನಡೆಯೋ ಊರಲ್ಲೇ. ದೇಶಕ್ಕೆ ಸಿಗದ ವೀಸಾ ಕನ್ನಡದ ಹುಡುಗರಿಗೆ ಆಗಲೇ ಸಿಕ್ಕಿತ್ತು ನೋಡಿ.

ನಾವಿಲ್ಲದ ಟೂರ್ನಿ ನೋಡೋದು ಯಾಕೆ? ನೋಡಿದ್ರೆ ಎಷ್ಟು ಗಂಟೆಗೆ?

ಸೌದಿ ನಮಗಿಂತ ಎರಡೂವರೆ ಗಂಟೆ ಹಿಂದೆ. ಅಲ್ಲಿ ಸಂಜೆ ಏಳಕ್ಕೆ ಶುರುವಾದರೆ ಇಲ್ಲಿ ಒಂಬತ್ತೂವರೆ, ಊಟ ಮುಗಿಸಿ ಕೂರಬಹುದು. ಯಾಕೆ ಅಂದರೆ, ನಾನಂತೂ ಸಿಂಗಾಪುರ ಏನು ಮಾಡುತ್ತೆ ಅಂತ ನೋಡೋಕೆ ಕೂರುತ್ತೇನೆ.

ಈ ಹಾಳೆ ಯಾವಾಗ ತೆಗೀತೀರಿ?

2026ರ ಮಾರ್ಚ್ 31ಕ್ಕೆ ಹಾಂಗ್‌ಕಾಂಗ್ ಜೊತೆ ನಮ್ಮ ಕೊನೆ ಪಂದ್ಯ ಇದೆ, ಭಾರತದಲ್ಲೇ. ಹಾಳೆಯಲ್ಲಿ ಒಂದು ಮನೆ ಖಾಲಿ ಇದೆ. ಅದು ತುಂಬೋವರೆಗೂ ಇರುತ್ತೆ.

ನಂಗೂ ಒಂದು ಕಾಪಿ ಕೊಡ್ತೀರಾ?

ಕೊಡ್ತೀನಿ. ಕಪ್ಪು-ಬಿಳುಪು ಎರಡು ರೂಪಾಯಿ. ಚಿಲ್ಲರೆ ತಂದಿರಿ.